ಎರಡು ಹಲ್ಲಿಲ್ಲದ ಚಕ್ರ

ಗರಿಯಾಹಾಟ್‌ನ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿದ್ದ ಬಂಗಾಳಿ ಮೆಕ್ಯಾನಿಕ್, ಯಾವ ನಟ್ಟನ್ನು ಮುಟ್ಟುವ ಮೊದಲೂ ಎರಡೂ ಕೈಗಳನ್ನು ಲುಂಗಿಗೆ ಒರೆಸಿಕೊಂಡು "ಆಸ್ತೆ, ಆಸ್ತೆ" ಎನ್ನುತ್ತಿದ್ದ. ನಿಧಾನ ಎಂದು ಹೇಳುತ್ತಿದ್ದದ್ದು ನಮಗಲ್ಲ, ನಟ್ಟಿಗೆ. ನಾನು ಕಾಲೇಜಿನಲ್ಲಿ ಎಂಜಿನ್ ಪಾಠ ಮಾಡುವವನು. ನನ್ನ ಪಾಠಕ್ಕೆ ಆಕಳಿಸುವ ಮಗಳು, ನಮ್ಮ ಹಳೆಯ ಕಾರಿನ ಎಂಜಿನ್ ಬಿಚ್ಚಿದ ದಿನದಿಂದ ಅವನೆದುರು ಸ್ಟೂಲ್ ಹಾಕಿಕೊಂಡು ಕೂತು, "ಕಾಕು, ಇದೇನು? ಕಾಕು, ಅದೇನು?" ಎಂದು ಚಿಕ್ಕಪ್ಪನನ್ನು ಕೇಳುವಂತೆ ಕೇಳುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಅವಳಿಗಿಂತ ಮೊದಲೇ ಹೋಗಿ, ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟಿನ ಸೆನ್ಸರ್ ಚಕ್ರವನ್ನು ನಾನೇ ಕೂರಿಸುತ್ತೇನೆಂದು ಹಟ ಹಿಡಿದೆ. ಆ ಚಕ್ರದ ಅಂಚಿನಲ್ಲಿ ಒಂದು ಕಡೆ ಎರಡು ಹಲ್ಲು ಇರುವುದಿಲ್ಲ. ಆ ಖಾಲಿ ಜಾಗದಿಂದಲೇ ಕಿಡಿ ಯಾವಾಗ ಹಾರಬೇಕೆಂದು ಕಾರಿಗೆ ತಿಳಿಯುವುದು. ಅದು ಎಲ್ಲಿ ಕೂರಬೇಕೆಂದು ಆತ ಬಿಚ್ಚುವಾಗಲೇ ಗುರುತು ಗೀಚಿಟ್ಟಿದ್ದ. ನಾನು ಅದನ್ನು ನೋಡದೆ ಒಂದು ತೂತು ಆಚೆಗೆ ಕೂರಿಸಿ ಬೋಲ್ಟ್ ಬಿಗಿದೆ. ಆತ ಪರೀಕ್ಷಿಸಲಿಲ್ಲ, ಪ್ರೊಫೆಸರ್ ಅಲ್ಲವೇ ನಾನು.

ಎಂಜಿನ್ ತಿರುಗಿತು, ಸ್ಟಾರ್ಟ್ ಆಗಲಿಲ್ಲ. ಮತ್ತೆ ಎಲ್ಲ ಬಿಚ್ಚಿದಾಗ ಆತ ಗುರುತಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ, ಆಮೇಲೆ ಚಕ್ರವನ್ನು ಸರಿಯಾದ ತೂತಿಗೆ ತಿರುಗಿಸಿದ. ಸಂಜೆ ಮಗಳು ಏನಾಗಿತ್ತೆಂದು ಕೇಳಿದಾಗ ಆತ ಕೈ ಒರೆಸಿಕೊಳ್ಳುತ್ತ, "ಚಕ್ರ ಸರಿಯಾಗಿ ಕೂತಿರಲಿಲ್ಲ. ತಪ್ಪು ನನ್ನದೇ" ಎಂದು ಬಂಗಾಳಿಯಲ್ಲಿ ಹೇಳಿದ.

ರಿಪೇರಿ ಮುಗಿದು ಮನೆಗೆ ಬರುವಾಗ ಕಾರು ಸದ್ದಿಲ್ಲದೆ ಓಡುತ್ತಿತ್ತು. ಮಗಳು ಹೇಳಿದಳು: "ಕಾಕು ಎಷ್ಟು ಈಸಿಯಾಗಿ ತಪ್ಪು ಒಪ್ಕೊಂಡ್ರು ನೋಡು ಅಪ್ಪ. ನೀನು ಯಾವತ್ತೂ ಒಪ್ಪಲ್ಲ."

ನನ್ನ ತಪ್ಪು ಕೂಡ ಅವನ ಬಾಯಲ್ಲಿ ಅಷ್ಟು ಚೆಂದ ಕೇಳಿಸಿತ್ತು. ನಾನು ಗೇರ್ ಬದಲಿಸಿದೆ. ಅವತ್ತೂ ಒಪ್ಪಲಿಲ್ಲ.