ಮಲ್ಲಪ್ಪನ ಗಾಡಿಗೆ ಕೊಟ್ಟ ಪ್ರೈಮರ್

ಇವತ್ತು ಬೆಳಿಗ್ಗೆ ಕಿಟಕಿಯಿಂದ ಥಿನ್ನರ್ ವಾಸನೆ ಬಂತು. ಪಕ್ಕದ ಮನೆಯ ಶೇಖರ ತನ್ನ ಹಾಲಿನ ವ್ಯಾನಿಗೆ ಹೊಸ ತಗಡು ಹಾಕಿಸಿದ್ದಾನೆ, ಬಣ್ಣಕ್ಕೆ ಮೊದಲು ಒರೆಸುತ್ತಿದ್ದಾನೆ. ನೀವು ನಗಬಹುದು, ಹೆಂಗಸರಿಗೆ ಮಲ್ಲಿಗೆಯ ವಾಸನೆ ಇಷ್ಟವಂತೆ, ನನಗೆ ಇದು. ಮದುವೆಯಾಗಿ ಜಹೀರಾಬಾದಿಗೆ ಬಂದ ಮೇಲೆ ಗಂಡನ ಬಣ್ಣದ ಅಂಗಡಿಯ ಗಲ್ಲಾದಲ್ಲಿ ಕೂತು ಕೂತು ಹತ್ತಿದ ಚಟ.

ಗಿರಾಕಿಗಳಿಲ್ಲದಾಗ ಡಬ್ಬಿಗಳ ಮೇಲಿನ ಸಣ್ಣಕ್ಷರ ಓದುತ್ತಿದ್ದೆ. ಪೇಂಟರುಗಳ ಜಗಳ ಕೇಳುತ್ತಿದ್ದೆ. ಬೋಳು ಲೋಹಕ್ಕೆ ಮೊದಲ ಕೋಟು, ಅಂದರೆ ಪ್ರೈಮರ್, ಸರಿಯಿಲ್ಲದಿದ್ದರೆ ಮೇಲಿನ ಬಣ್ಣ ಎಷ್ಟು ದುಬಾರಿಯದಾದರೂ ದಂಡ ಎಂದು ಹಾಗೇ ಕಲಿತೆ. ಮನೆಯಲ್ಲಿ ರೊಟ್ಟಿಯ ಹಂಚು ಕಂಡರೂ ಇದಕ್ಕೆ ಯಾವ ಪ್ರೈಮರ್ ಎಂದು ಯೋಚಿಸುವಷ್ಟು ಹುಚ್ಚು ಹಿಡಿದಿತ್ತು.

ಒಂದು ದಿನ ಸಿರ್ಗಾಪುರದ ಮಲ್ಲಪ್ಪ ಬಂದ. ಕುರಿ ಸಾಕುವವನು. ಕುರಿ ಸಾಗಿಸಲು ಹಳೆಯ ಪಿಕಪ್ ಕೊಂಡು ಹಿಂಭಾಗಕ್ಕೆಲ್ಲ ಹೊಸ ಜಿಐ ತಗಡು ಹೊಡೆಸಿದ್ದ. ನಾನು ಇಳಿದು ಹೋಗಿ ಮುಟ್ಟಿ ನೋಡಿದೆ.

“ಅಣ್ಣಾ, ಇದರ ಮ್ಯಾಲ ಸತುವಿನ ಪದರ ಅದ. ಕಬ್ಬಿಣಕ್ಕ ಹೊಡಿಯೋ ರೆಡ್ ಆಕ್ಸೈಡ್ ಇದಕ್ಕ ಹಿಡಿಯಾಂಗಿಲ್ಲ. ಎಪಾಕ್ಸಿ ಪ್ರೈಮರ್ ಒಯ್ರಿ.”

ಒಳಗಿನಿಂದ ನಮ್ಮವರು ನಕ್ಕರು. “ಇಕಿ ಮಾತ್ ಏನ್ ಕೇಳ್ತಿ ಮಲ್ಲಪ್ಪ? ಲೋಹಾ ಅಂದ್ರ ಲೋಹಾ. ರೆಡ್ ಆಕ್ಸೈಡ್ ಹೊಡಿ, ಬೇಫಿಕರ್ ಇರು.”

ಅವನು ಗಂಡಸಿನ ಮಾತು ಕೇಳಿ ಅದನ್ನೇ ಒಯ್ದ.

ಒಂದೇ ಮಳೆಗಾಲ. ಗಾಡಿ ತಂದು ಅಂಗಡಿಯ ಮುಂದೆ ನಿಲ್ಲಿಸಿದಾಗ ಬಣ್ಣ ಹಪ್ಪಳದಂತೆ ಎದ್ದಿತ್ತು. ಅವನು ಉಗುರಿನಿಂದ ಎಳೆದರೆ ಅಂಗೈಯಗಲದ ಚೂರು ಕಿತ್ತು ಬಂತು. ಅಂಗಡಿ ತುಂಬ ಗಿರಾಕಿಗಳಿದ್ದರು.

“ಹಿಂಗ್ಯಾಕ ಆತ್ರಿ ಸಾವ್ಕಾರ?”

ನಮ್ಮವರು ನನ್ನ ಕಡೆ ಕೈ ತೋರಿಸಿದರು. “ಆವತ್ತ ಗಲ್ಲಾದಾಗ ಇಕಿ ಕುಂತಿದ್ಲಪಾ. ತಪ್ಪ ಡಬ್ಬಿ ಕೊಟ್ಟಾಳ. ಹೆಂಗಸ್ರಿಗಿ ಏನ್ ತಿಳೀತದ?”

ಮಲ್ಲಪ್ಪನಿಗೆ ಎಲ್ಲವೂ ಗೊತ್ತಿತ್ತು. ಒಮ್ಮೆ ನನ್ನ ಮುಖ ನೋಡಿದ, ಆಮೇಲೆ ನೆಲ ನೋಡಿದ. ನಾನು ಅವನ ಬಾಯಿಂದ ಒಂದು ಮಾತು ಬರಲೆಂದು ಕಾದೆ. ಬರಲಿಲ್ಲ. ನಾನೂ ಆಡಲಿಲ್ಲ. ಅಷ್ಟು ಜನರ ಎದುರು ಗಂಡನನ್ನು ಸುಳ್ಳನೆನ್ನುವ ಧೈರ್ಯ ನನಗಿರಲಿಲ್ಲ.

ಮನೆಗೆ ಬಂದ ಮೇಲೆ, “ನಾಳಿಂದ ಅಂಗಡಿಗಿ ಬರಬ್ಯಾಡ. ಮಂದಿ ಆಡ್ಕೊಳ್ತಾರ” ಎಂದರು. ಗಲ್ಲಾಕ್ಕೆ ಮೈದುನ ಬಂದ. ನಾನು ಅಡುಗೆಮನೆಗೆ ಹೋದೆ, ಅಲ್ಲೇ ಉಳಿದೆ.

ಈಗ ಅಂಗಡಿ ಇಲ್ಲ. ನಮ್ಮವರು ಕಟ್ಟೆಯ ಮೇಲೆ ಕೂತಿರುತ್ತಾರೆ. ಇವತ್ತು ಶೇಖರ ಒರೆಸುವ ಬಟ್ಟೆ ಹಿಡಿದೇ ಬಂದು, “ಕಾಕಾ, ಈ ತಗಡಿಗಿ ಯಾವ ಪ್ರೈಮರ್ ಛಲೋರಿ?” ಎಂದು ಕೇಳಿದ.

“ನಿಮ್ಮ ಕಾಕಿಗಿ ಕೇಳಪಾ” ಎಂದರು ಹೆಮ್ಮೆಯಿಂದ. “ಅಂಗಡ್ಯಾಗ ಇಕೀನೇ ಎಲ್ಲಾ ಹೇಳ್ತಿದ್ಲು. ಇಕಿ ಮಾತ್ ಎಂದೂ ತಪ್ಪಿಲ್ಲ.”

ಅವನದೂ ಜಿಐ ತಗಡೇ. ಶೇಖರನಿಗೆ ಹೇಳಬೇಕಾದ್ದನ್ನು ಹೇಳಿದೆ: ಎಮರಿ ಕಾಗದದಿಂದ ಹಗುರ ತಿಕ್ಕು, ಸತುವು ಕೀಳಬ್ಯಾಡ, ಆಮ್ಯಾಲ ಎಪಾಕ್ಸಿ. ನಂತರ ಇವರ ಕಡೆ ತಿರುಗಿದೆ.

“ಈ ಮಾತ್ ಮಲ್ಲಪ್ಪನ ಮುಂದ ಹೇಳ್ಬೇಕಾಗಿತ್ತರಿ.”

“ಯಾವ ಮಲ್ಲಪ್ಪ?”

ನಾಟಕವಲ್ಲ, ನಿಜವಾಗಿಯೂ ಮರೆತಿದ್ದರು. ಇಷ್ಟು ವರ್ಷ ಆ ಸುಳ್ಳು ಅವರನ್ನೂ ಒಳಗೊಳಗೇ ಚುಚ್ಚುತ್ತಿರಬಹುದು ಎಂದು ನಂಬಿಕೊಂಡೇ ಅವರಿಗೆ ಅನ್ನ ಬಡಿಸಿದ್ದೆ. ಶೇಖರ ಹೊರಡಲು ತಿರುಗಿದ.

“ನಿಲ್ಲಪಾ, ನೀನೂ ಕೇಳು” ಎಂದೆ. ಅವನ ಎದುರಿಗೇ, ಮೊದಲಿನಿಂದ ಹೇಳತೊಡಗಿದೆ.