ನಮ್ಮ ಮನೆಯಲ್ಲಿ ಮಾತ್ರ ಕಾಣದ ಜಾಹೀರಾತು

ಜಾಹೀರಾತು ಅಂದರೆ ನನಗೆ ಮೈ ಉರಿಯುತ್ತದೆ. ಫೋನಿನಲ್ಲಿ ಭತ್ತದ ಧಾರಣೆ ನೋಡಲು ಹೋದರೆ ಕೂದಲೆಣ್ಣೆ, ರಮ್ಮಿ ಆಟ, ವಶೀಕರಣದ ಗುರೂಜಿ ಎಲ್ಲರೂ ಅಡ್ಡ ಬಂದು ನಿಲ್ಲುತ್ತಾರೆ. ಕಳೆದ ಬೇಸಿಗೆಯಲ್ಲಿ ತಲೆ ಕೆಟ್ಟು, ಮೂಲೆಗೆ ಬಿದ್ದಿದ್ದ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿ, ಅದನ್ನೇ ನಮ್ಮ ರಾಯಚೂರಿನ ಮನೆಯ ಸರ್ವರ್ ಮಾಡಿದೆ. ಮನೆಯ ವೈಫೈನಲ್ಲಿರುವ ಯಾವ ಫೋನೇ ಇರಲಿ, ಏನನ್ನಾದರೂ ತೆರೆಯಬೇಕಾದರೆ ಅದರ ವಿಳಾಸವನ್ನು ಮೊದಲು ಈ ಸರ್ವರನ್ನೇ ಕೇಳಬೇಕು. ಜಾಹೀರಾತು ಕಳಿಸುವವರ ವಿಳಾಸ ಕೇಳಿದರೆ ಬರಿಗೈಯಲ್ಲಿ ಕಳಿಸಿಬಿಡುತ್ತದೆ. ಪುಟಗಳೆಲ್ಲ ಸಾರಿಸಿದ ಅಂಗಳದಂತಾದವು. ಮನೆಗೆ ಬಂದವರಿಗೆಲ್ಲ ತೋರಿಸಿ ಮೀಸೆ ತಿರುವಿದೆ. ಆಮೇಲೆ ಅದು ಅಲ್ಲಿದೆ ಎಂಬುದನ್ನೇ ಮರೆತೆ.

ದೀಪಾವಳಿಯ ಹೊತ್ತಿಗೆ ನನ್ನ ಹೆಂಡತಿ ಖಡಕ್ ರೊಟ್ಟಿ, ಶೇಂಗಾ ಹೋಳಿಗೆ ಮಾಡಿ ಮಾರಲು ಶುರು ಮಾಡಿದಳು. ಅವಳ ತವರು ದೇವದುರ್ಗ. ಅಲ್ಲಿ ಒಂದೇ ಓಣಿಯಲ್ಲಿ ಜೊತೆಗೆ ಬೆಳೆದ ಗೆಳತಿ ಈಗ ರಾಯಚೂರಿನಲ್ಲೇ ಸಣ್ಣದೊಂದು ಸುದ್ದಿತಾಣ ನಡೆಸುತ್ತಾಳೆ. ರೊಟ್ಟಿಯ ಜಾಹೀರಾತನ್ನು ಪುಕ್ಕಟೆ ಹಾಕುತ್ತೇನೆಂದು ಅವಳೇ ಮುಂದೆ ಬಂದಳು. ಹೆಂಡತಿ ದಿನಾ ಸಂಜೆ ಆಸೆಯಿಂದ ತಾಣ ತೆರೆದು ಹುಡುಕುತ್ತಿದ್ದಳು. ಜಾಹೀರಾತು ಇರಲೇ ಇಲ್ಲ. ಕೇಳಿದರೆ ಗೆಳತಿ, ತನ್ನ ಫೋನಿನಲ್ಲಿ ಕಾಣುತ್ತಿದೆ ಎಂದು ಆಣೆ ಮಾಡಿದಳು, ಫೋಟೋ ತೆಗೆದೂ ಕಳಿಸಿದಳು. ಇಂಥ ವಿಷಯಕ್ಕೆ ನಾನೇ ಮನೆಯ ಪಂಡಿತ. ನನ್ನ ಫೋನಿನಲ್ಲೂ ನೋಡಿ, ಇಲ್ಲವೇ ಇಲ್ಲ, ಫೋಟೋವನ್ನು ಯಾರು ಬೇಕಾದರೂ ಮಾಡಬಹುದು ಎಂದು ತೀರ್ಪು ಕೊಟ್ಟೆ.

“ಆಗಂಗಿಲ್ಲ ಅನ್ನೂದಿದ್ರ ಮೊದಲ ಹೇಳಬೇಕಿತ್ತು. ಸುಳ್ಳ ಯಾಕ ಹೇಳಾಕತ್ತಿ?” ಎಂದು ಹೆಂಡತಿ ಫೋನ್ ಇಟ್ಟಳು. ಅಂದಿನಿಂದ ಗೆಳತಿಯರಿಬ್ಬರಿಗೂ ಮಾತು ಬಿಟ್ಟುಹೋಯಿತು.

ಸಂಕ್ರಾಂತಿ ಕಳೆದ ಮೇಲೆ ಏನೋ ಕೆಲಸಕ್ಕೆ ಮಾನ್ವಿಗೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ಹೊತ್ತು ಹೋಗದೆ, ಫೋನಿನದೇ ಡೇಟಾದಲ್ಲಿ ಆ ತಾಣ ತೆರೆದೆ. ಸುದ್ದಿಗಿಂತ ಮೊದಲು ನನ್ನ ಹೆಂಡತಿ ಬಂದಳು, ರೊಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟುಕೊಂಡು ನಗುತ್ತ. ಗೆಳತಿಯ ತಾಣದ ಜಾಹೀರಾತುಗಳೂ ಬೇರೊಂದು ಜಾಹೀರಾತು ಕಂಪನಿಯ ವಿಳಾಸದಿಂದಲೇ ಬರುತ್ತಿದ್ದವು. ಊರಿಗೆಲ್ಲ ಕಾಣುತ್ತಿದ್ದುದನ್ನು ಮನೆಯಲ್ಲಿ ತಡೆದಿದ್ದು ನನ್ನ ಸರ್ವರ್. ಸುಳ್ಳಿ ಅನ್ನಿಸಿಕೊಂಡ ಮೇಲೂ ಆ ಗೆಳತಿ ಜಾಹೀರಾತು ತೆಗೆದಿರಲಿಲ್ಲ. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಸಂಜೆ ವಿಷಯ ಹೇಳಿದಾಗ ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಇಬ್ಬರೂ ಗೆಳತಿಯ ಮನೆಗೆ ಹೋದೆವು. ಆಕೆ ಕೂರಿಸಿ ಚಹಾ ಕೊಟ್ಟಳು. ನಾನು ಎಲ್ಲ ಬಿಡಿಸಿ ಹೇಳಿ, ತಪ್ಪು ನನ್ನದು, ನನ್ನ ಮಷಿನ್‌ದು ಎಂದೆ. ಪೂರ್ತಿ ಕೇಳಿಸಿಕೊಂಡು ಆಕೆ ಹೆಂಡತಿಯ ಕಡೆ ತಿರುಗಿದಳು.

“ಮಷಿನ್‌ಗೆ ನಾ ಯಾರಂತ ಗೊತ್ತಿಲ್ಲ, ಬಿಡು. ನಿನಗ ಗೊತ್ತಿತ್ತಲ್ಲ.”

ರೊಟ್ಟಿ ಈಗ ಚೆನ್ನಾಗಿಯೇ ಹೋಗುತ್ತಿವೆ, ಎಲ್ಲೆಲ್ಲಿಂದಲೋ ಫೋನ್ ಬರುತ್ತವೆ. ಆ ಗೆಳತಿಯ ಫೋನ್ ಮಾತ್ರ ಬರುವುದಿಲ್ಲ.