ಹಸಿರು ದೀಪವನ್ನು ನಂಬದ ಅವಿನೊ

ದೊಡ್ಡ ಸರೋವರದ ದಡದ ಕಿಸುಮು ಪಟ್ಟಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸರೋವರದತ್ತ ಮುಖ ಮಾಡಿದ ಮಹಡಿಯ ಕೋಣೆಯಲ್ಲಿ ಅವಿನೊ ನ್ಯಾಂಗ್ವೆಸೊ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಪರದೆಯ ತುಂಬ ಹಸಿರು ದೀಪಗಳು, ಎಲ್ಲ ಸರಿಯಿದೆ ಎಂಬ ಗುರುತು. ಅವರ ಕಣ್ಣು ಮಾತ್ರ ಪಕ್ಕದ ಹಳೇ ಗುಂಡಿ ಫೋನಿನ ಮೇಲಿದೆ. ಮೀನುಗಾರರಿಗೆ ದಿನವೂ ನಸುಕಿನಲ್ಲಿ ಹೋಗುವ ಗಾಳಿಯ ಸುದ್ದಿ ಅದಕ್ಕೂ ಬರಬೇಕು. ಬಂದಿಲ್ಲ.

“ಎಲ್ಲಾ ಹಸಿರಿದೆಯಲ್ಲಕ್ಕಾ, ಚಹಾ ಕುಡಿ,” ಎನ್ನುತ್ತಾನೆ ಪಾಳಿ ಮುಗಿಸಿ ಹೊರಟ ಜೊತೆಗಾರ ಬರಾಸಾ.

“ಸರೋವರದ ಮೇಲಿನ ಅಂತರಗಂಗೆನೂ ಹಸಿರೇ ಕಣೋ. ನೆಲ ಅಂತ ಕಾಲಿಟ್ಟು ನೋಡು.”

ದ್ವೀಪಗಳ ಗಾಳಿಮಾಪಕಗಳಿಂದ ಅಳತೆಗಳು ಹೊಳೆಯಂತೆ ಹರಿದು ಬರುತ್ತವೆ. ಹೊಳೆಯ ಎರಡೂ ತುದಿಗೆ ಕೊಂಡಿಗಳಿವೆ. ಕಸುಬಿನವರು ಕನೆಕ್ಟರ್ ಎನ್ನುತ್ತಾರೆ. ಒಂದು ತುದಿಯವು ಅಳತೆಗಳನ್ನು ಒಳಗೆ ತರುತ್ತವೆ, ಇನ್ನೊಂದು ತುದಿಯವು ಎಚ್ಚರಿಕೆಗಳನ್ನು ಫೋನುಗಳಿಗೆ ಮುಟ್ಟಿಸುತ್ತವೆ. ಅವುಗಳನ್ನು ಹುಟ್ಟಿಸುವುದು, ನಿಲ್ಲಿಸುವುದು, ಎಬ್ಬಿಸುವುದು, ಹಳತಾದಾಗ ಮಣ್ಣು ಮಾಡುವುದು ಅವಿನೊ ಕೆಲಸ. ದಡದಲ್ಲಿ ಅವರ ಹೆಸರು ಹೆಚ್ಚು ಜನಕ್ಕೆ ಗೊತ್ತಿಲ್ಲ.

ನನ್ನಜ್ಜಿಯ ಕಥೆಯಲ್ಲೊಬ್ಬ ದೊಡ್ಡಿ ಕಾಯುವವನಿದ್ದ. ಯಾರು ಕೂಗಿದರೂ ನಿದ್ದೆಯಲ್ಲೇ “ಎಚ್ಚರವಿದ್ದೀನಿ” ಅನ್ನುತ್ತಿದ್ದ; ಕತ್ತೆಕಿರುಬ ಕೂಗಿದಾಗಲೂ. ಅವಿನೊ ಕೊಂಡಿಯ ಒಳಗೆ ಇಣುಕಿದಾಗ ಅವನೇ ಸಿಗುತ್ತಾನೆ. ಫೋನಿನ ತುದಿಯ ಕೊಂಡಿ “ನಡೆಯುತ್ತಿದೆ” ಎನ್ನುತ್ತಿದೆ, ಅದರೊಳಗೆ ದುಡಿಯುವ ಭಾಗ ನಿನ್ನೆ ಸಂಜೆಯೇ ಬಿದ್ದುಹೋಗಿದೆ.

ಬರಾಸಾ ಚೀಲ ಕೆಳಗಿಡುತ್ತಾನೆ. “ಹಾಗಾದ್ರೆ ಎಬ್ಬಿಸಿಬಿಡ್ಲಾ?”

“ಮುಟ್ಟಬೇಡ! ನಿನ್ನೆ ಸಂಜೆಯ ಬಿರುಗಾಳಿ ಸುದ್ದಿ ಹೋಗದೆ ಇನ್ನೂ ಸಾಲಲ್ಲಿ ನಿಂತಿದೆ. ಎಬ್ಬಿಸಿದ್ರೆ ಅದೇ ಮೊದಲು ಹೋಗೋದು.”

ಈ ಗಾಬರಿಗೆ ಕಾರಣವಿದೆ. ಹಿಂದೊಮ್ಮೆ ಇಲ್ಲಿ ಯಾರೋ ಕೆಟ್ಟ ಕೊಂಡಿಯನ್ನು ತೆಗೆದು ಹೊಸ ಹೆಸರಿನಲ್ಲಿ ಹುಟ್ಟಿಸಿದರು. ಎಲ್ಲಿಯವರೆಗೆ ಓದಿಯಾಗಿದೆ ಎಂಬ ಗುರುತು ಹಳೇ ಹೆಸರಿನ ಜೊತೆಗೇ ಉಳಿಯಿತು. ಹೊಸದು ಮೊದಲಿನಿಂದ ಓದಿ, ಎಂದೋ ಬೀಸಿ ಹೋದ ಗಾಳಿಯನ್ನೆಲ್ಲ ಫೋನುಗಳಿಗೆ ಸುರಿಯಿತು. ದೋಣಿಗಳು ಬಲೆ ಬಿಟ್ಟು ಓಡಿಬಂದವು. ದಡದಲ್ಲಿ ಸುಡುಬಿಸಿಲು! ಅಂದಿನಿಂದ ಎಷ್ಟೋ ಜನ ಎಚ್ಚರಿಕೆ ಓದುವುದನ್ನೇ ಬಿಟ್ಟಿದ್ದಾರೆ. ಇನ್ನೊಂದು ಸುಳ್ಳು ಹೋದರೆ ಉಳಿದವರೂ ಬಿಡುತ್ತಾರೆ. ಆಮೇಲೆ ನಿಜದ ಗಾಳಿ ಬಂದಾಗ?

ಅವಿನೊ ಕೊಂಡಿಯನ್ನು ಪೂರ್ತಿ ನಿಲ್ಲಿಸುತ್ತಾರೆ. ಓದಿದ ಗುರುತನ್ನು ನಿನ್ನೆಯದರಿಂದ ದಾಟಿಸಿ ಇಂದಿನ ಮೊದಲ ಎಚ್ಚರಿಕೆಗೆ ಸರಿಸುತ್ತಾರೆ. ಮತ್ತೆ ಎಬ್ಬಿಸುತ್ತಾರೆ. ಗುಂಡಿ ಫೋನ್ ಗುರ್ರೆನ್ನುತ್ತದೆ: ಮಧ್ಯಾಹ್ನ ಜೋರುಗಾಳಿ, ದೋಣಿ ಇಳಿಸಬೇಡಿ.

ಹಿಂದೆಯೇ ಅವರ ಗಂಡನ ಅಣ್ಣ ಒಗುಟು ಕರೆ ಮಾಡುತ್ತಾನೆ. ಒಂದು ಕಾಲು ದೋಣಿಯಲ್ಲಿದೆಯಂತೆ.

“ಏನಮ್ಮಾ, ಇದು ಇವತ್ತಿನ ಗಾಳಿನಾ, ಇಲ್ಲಾ ನಿಮ್ಮಾವನ ಮದುವೆ ದಿನದ್ದಾ?”

“ಇವತ್ತಿನದೇ ಭಾವ. ಹಳೇದನ್ನ ಇಲ್ಲೇ ತಡೆದಿದ್ದೀನಿ.”

“ಆಕಾಶ ತೊಳೆದ ತಟ್ಟೆ ಥರ ಇದೆ!”

“ದಕ್ಷಿಣಕ್ಕೆ ತಿರುಗಿ ನೋಡು, ಗಾಳಿ ಬರೋದು ಆ ಕಡೆಯಿಂದ.”

ಫೋನಿನ ಆ ಕಡೆ ಮರಳಿನ ಮೇಲೆ ದೋಣಿ ಎಳೆಯುವ ಸದ್ದು, ಒಗುಟುವಿನ ಬೈಗುಳ.

ಮಧ್ಯಾಹ್ನದ ಹೊತ್ತಿಗೆ ಸರೋವರ ನೊರೆಯೆದ್ದು ಬೆಳ್ಳಗಾಗುತ್ತದೆ. ಒಗುಟು ದಡದಲ್ಲಿ ಬಲೆ ಹೊಲಿಯುತ್ತಿದ್ದಾನೆ. ಇನ್ನು ಮೇಲಾದರೂ ಮೀನುಗಾರರು ನಿಮ್ಮನ್ನು ನಂಬುತ್ತಾರಲ್ಲ ಎಂದು ನಾನು ಕೇಳಿದರೆ ಅವಿನೊ ಅಡ್ಡಡ್ಡ ತಲೆಯಾಡಿಸುತ್ತಾರೆ.

“ನಂಬೋದು ಬೇಡ. ಈ ದೀಪಾನ ನಾನೇ ನಂಬಲ್ಲ. ಸುದ್ದಿ ಬಂದಾಗ ಒಂದ್ಸಲ ದಕ್ಷಿಣಕ್ಕೆ ತಿರುಗಿ ನೋಡ್ಲಿ. ಅಷ್ಟು ಮಾಡಿದ್ರೆ ಸಾಕು.”

ಹೇಳುತ್ತಲೇ ಗುಂಡಿ ಫೋನನ್ನು ಇನ್ನೊಮ್ಮೆ ಎತ್ತಿ ನೋಡುತ್ತಾರೆ.